ಕರೆಂಟ್ ಬಿಲ್ಲಿನ ‘ತೆರಿಗೆ’ ಕ್ರಿಪ್ಟೊಗೆ ಹಾಕಿದ್ದಲ್ಲ

ಮನೆಯಲ್ಲಿ ಮೈನಿಂಗ್ ಮೆಷಿನ್ (ಲೆಕ್ಕ ಹಾಕಿ ಕ್ರಿಪ್ಟೊ ನಾಣ್ಯ ಗಳಿಸುವ ಕಂಪ್ಯೂಟರ್) ಇಟ್ಟ ಮೇಲೆ ಸೊನ್ನೆ ಬಿಲ್ ಹೋಗಿ ಐದು ಸಾವಿರ ಚಿಲ್ಲರೆ ಬಂತು, ಇದು ಕ್ರಿಪ್ಟೊ ಪರಿಸರ ತೆರಿಗೆಯಾ ಅಂತ ಕೇಳಿದ್ದೀರಿ. ಬಹುಶಃ ಗೃಹಜ್ಯೋತಿ ಕೈತಪ್ಪಿದೆ, ಅಷ್ಟೇ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 1 ಕಿಲೋವ್ಯಾಟ್ ಮೆಷಿನ್ ಹಗಲೂ ರಾತ್ರಿ ಓಡಿದರೆ ಅದೊಂದೇ 720 ಯೂನಿಟ್! ಬಿಲ್ಲಿನಲ್ಲಿರುವ 9% ತೆರಿಗೆ ಎಲ್ಲ ಮನೆಗೂ ಇರುವ ವಿದ್ಯುತ್ ತೆರಿಗೆ. ನೀವು ಓದಿದ 30% ಮೈನಿಂಗ್ ವಿದ್ಯುತ್ ತೆರಿಗೆ ಅಮೆರಿಕದಲ್ಲಿ 2023ರಲ್ಲಿ ಬೈಡನ್ ಸರ್ಕಾರ ಮುಂದಿಟ್ಟ ಪ್ರಸ್ತಾವ, ಜಾರಿಯಾಗಲಿಲ್ಲ.

ಬಿಲ್ ನೋಡದೆ ಖಚಿತವಾಗಿ ಹೇಳಲಾರೆ, ಹಾಗಾಗಿ ಮೊದಲು ಅಳೆಯಿರಿ. ರಾತ್ರಿ ಮಲಗುವಾಗ ಮೀಟರ್ ರೀಡಿಂಗಿನ ಫೋಟೊ, ಬೆಳಗ್ಗೆ ಇನ್ನೊಂದು. ಮಾರನೇ ರಾತ್ರಿ ಮೆಷಿನ್ ಆಫ್ ಮಾಡಿ ಹಾಗೇ ನೋಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಪ್ಲಗ್ ವ್ಯಾಟ್ ಮೀಟರ್ (ಪ್ಲಗ್‌ಗೆ ಸಿಕ್ಕಿಸಿ ಮೆಷಿನ್ ಎಳೆಯುವ ಕರೆಂಟ್ ಅಳೆಯುವ ಸಾಧನ) ಸಿಕ್ಕರೆ ಇನ್ನೂ ಸಲೀಸು: ಮಾರಿದವನು 850 ವ್ಯಾಟ್ ಅಂದಿದ್ದ ನನ್ನ ಮೆಷಿನ್ ಗೋಡೆಯಿಂದ ಎಳೆಯುತ್ತಿದ್ದದ್ದು 1,040. ಎರಡು ರಾತ್ರಿಗಳ ರೀಡಿಂಗಿನ ವ್ಯತ್ಯಾಸ ಮೆಷಿನ್ ಎಳೆಯುವ ಕರೆಂಟಿಗೆ ತಾಳೆಯಾಗದಿದ್ದರೆ ಮಾತ್ರ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಮೀಟರ್ ಪರೀಕ್ಷೆ ಕೇಳಿ.

ಆಮೇಲೆ ಲಾಭದ ಲೆಕ್ಕ. ಭಾರತದಲ್ಲಿ ಕ್ರಿಪ್ಟೊ ಮಾರಿದ ಲಾಭಕ್ಕೆ 2022ರ ಏಪ್ರಿಲ್‌ನಿಂದ 30% ಆದಾಯ ತೆರಿಗೆ, ಮೇಲೆ ಸೆಸ್. ಮೈನಿಂಗಿನ ಸಲಕರಣೆ ಖರ್ಚನ್ನು ಅದರಲ್ಲಿ ಕಳೆಯಲು ಬಿಡುವುದಿಲ್ಲ. ಕರೆಂಟಿನದ್ದನ್ನೂ ಕಳೆಯಬಹುದು ಅಂತ ನಂಬಿ ಕೂರಬೇಡಿ, ಆಡಿಟರ್ ಹತ್ತಿರ ಕೇಳಿ. ಅಲ್ಲಿವರೆಗೆ ಮೆಷಿನ್ ಆಫ್ ಮಾಡಿಟ್ಟಿರಿ.