ಹೆಂಡ್ರಿಕ್ಸ್ ಎಡಚ, ತಪ್ಪು ನಮ್ಮದು

ಪತ್ರ: "ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಅಮೆರಿಕದ 1969ರ ಆಗಸ್ಟಿನ ವುಡ್‌ಸ್ಟಾಕ್ ಸಂಗೀತ ಉತ್ಸವದ ಎಂಟು ಹಳೇ ಫೋಟೊ ಹಾಕಿದ್ದೀರಿ. ಮೊದಲನೇದು, ಜಿಮಿ ಹೆಂಡ್ರಿಕ್ಸ್ ಎಡಚ ಅನ್ನೋದು ನನ್ನಂಥ ಗಣಿತದ ಮೇಷ್ಟ್ರಿಗೂ ಗೊತ್ತು. ನಿಮ್ಮ ಫೋಟೊದಲ್ಲಿ ಅವನು ಬಲಗೈಯಲ್ಲಿ ಗಿಟಾರ್ ನುಡಿಸುತ್ತಿದ್ದಾನೆ. ಎರಡನೇದು, ಉಳಿದ ಏಳು ಫೋಟೊದಲ್ಲಿ ಬರೀ ಕೆಸರು, ಕಸ, ಮಲಗಿರುವ ಜನ. ಮೊಮ್ಮಗ ವಾಟ್ಸಾಪಿನಲ್ಲಿ ಕಳಿಸಿದ ಒಂಬತ್ತು ಫೋಟೊ ಪ್ರಿಂಟ್ ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ, ಎಷ್ಟು ಲಕ್ಷಣವಾಗಿವೆ ನೋಡಿ. ಮೂರನೇದು, ರವಿಶಂಕರ್ ಅಲ್ಲಿ ಸಿತಾರ್ ನುಡಿಸಿದ್ದರಲ್ಲ, ಅವರ ಒಂದೇ ಒಂದು ಫೋಟೊ ಹಾಕೋಕೆ ನಿಮಗೇನಾಗಿತ್ತು?" – ಒಬ್ಬ ನಿವೃತ್ತ ಶಿಕ್ಷಕ, ಸಾಗರ

ಮೇಷ್ಟ್ರೇ, ನಮಸ್ಕಾರ.

ಮೊದಲು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಹೆಂಡ್ರಿಕ್ಸ್ ಫೋಟೊ ಉಲ್ಟಾ ಆಗಿದೆ. ಆಗಿದ್ದಲ್ಲ, ನಾವೇ ಮಾಡಿದ್ದು. ಆ ಫೋಟೊ ಎಡಗಡೆಯ ಪುಟದಲ್ಲಿತ್ತು, ಗಿಟಾರಿನ ಕತ್ತು ಪುಟದ ಹೊರಗಡೆ ಚಾಚಿಕೊಂಡಿತ್ತು. ಪುಟ ವಿನ್ಯಾಸ ಮಾಡುವ ಹುಡುಗನಿಗೆ ಒಂದು ಪಾಠ ಯಾರೋ ಹೇಳಿಕೊಟ್ಟಿದ್ದಾರೆ: ಫೋಟೊದಲ್ಲಿರೋರು ಪುಟದ ಒಳಕ್ಕೆ ನೋಡಬೇಕು, ಹೊರಕ್ಕೆ ನೋಡಬಾರದು. ಅವನು ಒಂದು ಗುಂಡಿ ಒತ್ತಿ ತಿರುಗಿಸಿದ. ಕೊನೇ ಪ್ರೂಫ್ ನೋಡಿದ್ದು ನಾನು, ಅಕ್ಷರ ತಪ್ಪು ಹುಡುಕುತ್ತಾ ಕೂತವನಿಗೆ ಮನುಷ್ಯನ ಕೈ ತಪ್ಪಿದ್ದು ಕಾಣಲಿಲ್ಲ. ಆದ್ದರಿಂದ ಹುಡುಗನನ್ನು ಬಯ್ಯುವ ಹಕ್ಕು ನನಗಿಲ್ಲ.

ನಿಮ್ಮ ಪತ್ರ ಬಂದ ಮೇಲೆ ಆ ಪುಟ ತೆಗೆದು ಮತ್ತೆ ನೋಡಿದೆ. ತಮಾಷೆ ಏನು ಗೊತ್ತಾ, ಆ ಫೋಟೊ ತಾನೇ ಚಾಡಿ ಹೇಳುತ್ತಿದೆ! ಹೆಂಡ್ರಿಕ್ಸ್ ನುಡಿಸುತ್ತಿದ್ದುದು ಬಲಗೈಯವರಿಗೆ ಮಾಡಿದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಗಿಟಾರು. ಅದನ್ನೇ ತಲೆಕೆಳಗು ಮಾಡಿ, ತಂತಿಗಳನ್ನು ತನಗೆ ಬೇಕಾದ ಹಾಗೆ ಬಿಗಿದುಕೊಂಡು ನುಡಿಸುತ್ತಿದ್ದ. ಹಾಗಾಗಿ ಸಾಮಾನ್ಯವಾಗಿ ಕೆಳಗಿರುವ ತಿರುಗುಗುಂಡಿಗಳು ಅವನ ಗಿಟಾರಿನಲ್ಲಿ ಮೇಲೆ, ಮೇಲಿರಬೇಕಾದ ಉದ್ದನೆ ಕೊಂಬು ಕೆಳಗೆ. ಫೋಟೊ ತಿರುಗಿಸಿದರೆ ಎಡಗೈ ಬಲಗೈ ಅದಲುಬದಲಾಗುತ್ತೆ, ಮೇಲೆ ಕೆಳಗೆ ಬದಲಾಗಲ್ಲ. ನಮ್ಮ ಪುಟದಲ್ಲಿ ಅವನು ಬಲಗೈಯವನ ಹಾಗೆ ನಿಂತಿದ್ದಾನೆ, ಗಿಟಾರು ಮಾತ್ರ ಬುಡಮೇಲಾಗಿಯೇ ಇದೆ. ಗಿಟಾರಿನ ತುದಿಯಲ್ಲಿ ಬರೆದ ಹೆಸರು ಸಹ ಕನ್ನಡಿಯಲ್ಲಿ ಕಂಡ ಹಾಗಿದೆ.

ಇದು ನಮ್ಮ ಕಾಲದ ಫೋಟೊ ಸ್ಟುಡಿಯೊಗಳಲ್ಲೂ ಆಗುತ್ತಿತ್ತು, ನಿಮಗೂ ನೆನಪಿರಬಹುದು. ನೆಗೆಟಿವ್‌ನ ಮಂಕು ಮುಖ ಕಾಗದದ ಕಡೆಗಿರಬೇಕು, ಹೊಳೆಯುವ ಮುಖ ಇಟ್ಟರೆ ಪ್ರಿಂಟು ಉಲ್ಟಾ ಬರುತ್ತೆ. ನಮ್ಮ ಚಿಕ್ಕಪ್ಪನ ಮದುವೆ ಆಲ್ಬಮ್ಮಿನಲ್ಲಿ ಅಂಥದ್ದೊಂದು ಫೋಟೊ ಇದೆ. ಚಿಕ್ಕಮ್ಮನ ಸೆರಗು ಬಲ ಹೆಗಲ ಮೇಲೆ, ಚಿಕ್ಕಪ್ಪನ ವಾಚು ಬಲಗೈಯಲ್ಲಿ, ಹಿಂದೆ ನಿಂತ ಮಾವನ ಅಂಗಿ ಜೇಬೂ ಬಲಗಡೆ. ಅಜ್ಜಿ ಆ ಫೋಟೊ ನೋಡಿದಾಗಲೆಲ್ಲ "ಇದ್ಯಾವ ಊರ ಸೆರಗೋ" ಅಂತ ಗೊಣಗುತ್ತಿದ್ದರು. ಅಜ್ಜಿಗೆ ತಕ್ಷಣ ಕಂಡಿದ್ದು ಮೂವತ್ತು ವರ್ಷದಿಂದ ಪುಟ ತಿದ್ದುತ್ತಿರೋ ನನಗೆ ಕಾಣಲಿಲ್ಲವಲ್ಲ, ಏನು ಹೇಳಲಿ.

ಸರಿ, ಈಗ ಎರಡನೇ ದೂರು. ಇಲ್ಲಿ ನಾನು ಸ್ವಲ್ಪ ಜಗಳಕ್ಕೆ ಬರುತ್ತೇನೆ.

ನೀವು ಕಳಿಸಿದ ಒಂಬತ್ತು ಫೋಟೊಗಳನ್ನು ಮೇಜಿನ ಮೇಲೆ ಹರಡಿಕೊಂಡು ಅರ್ಧ ದಿನ ನೋಡಿದೆ. ಲಕ್ಷಣವಾಗಿವೆ, ಒಪ್ಪಿದೆ. ಆದರೆ ನನ್ನ ಲೆಕ್ಕದಲ್ಲಿ ವುಡ್‌ಸ್ಟಾಕ್‌ನವು ಮೂರೇ.

ಜನ ಸಾಲಾಗಿ ಕುರ್ಚಿಯಲ್ಲಿ ಕೂತು ಸಂಗೀತ ಕೇಳುತ್ತಿರೋ ಫೋಟೊ ಇದೆಯಲ್ಲ, ಅದು ಖಂಡಿತ ಅಲ್ಲ. ವುಡ್‌ಸ್ಟಾಕ್‌ನಲ್ಲಿ ಕುರ್ಚಿ ಎಲ್ಲಿಂದ ಬರಬೇಕು? ಅದು ಹಾಲಿನ ವ್ಯಾಪಾರ ಮಾಡುವ ಒಬ್ಬ ರೈತನ ಹುಲ್ಲುಗಾವಲು. ಕುರ್ಚಿ ಹಾಕಿದ್ದು ಎರಡು ವರ್ಷ ಮೊದಲು, 1967ರ ಜೂನ್‌ನಲ್ಲಿ, ಕ್ಯಾಲಿಫೋರ್ನಿಯಾದ ಮಾಂಟೆರೆಯ ಸಂಗೀತ ಉತ್ಸವದಲ್ಲಿ. ಇನ್ನೊಂದರಲ್ಲಿ ಗುಡ್ಡದ ಹುಲ್ಲೆಲ್ಲ ಒಣಗಿ ಕಂದು ಬಣ್ಣಕ್ಕೆ ತಿರುಗಿದೆ, ಜನ ದಪ್ಪ ಕೋಟು ಹಾಕಿಕೊಂಡಿದ್ದಾರೆ. ಆಗಸ್ಟ್ ಸೆಖೆಯಲ್ಲಿ ಯಾರು ಕೋಟು ಹಾಕುತ್ತಾರೆ? ಅದು 1969ರ ಡಿಸೆಂಬರ್ 6ರ ಆಲ್ಟಮಾಂಟ್ ಇರಬೇಕು. ರಕ್ಷಣೆಗೆ ಅಂತ ಬೈಕ್ ಗ್ಯಾಂಗಿನವರನ್ನು ನಿಲ್ಲಿಸಿ, ವೇದಿಕೆ ಮುಂದೆಯೇ ಒಬ್ಬ ಹುಡುಗ ಚೂರಿ ಇರಿತಕ್ಕೆ ಸತ್ತ ಕಛೇರಿ ಅದು. ಅದರ ಫೋಟೊ ಮೇಲೆ 'ಶಾಂತಿ ಮತ್ತು ಪ್ರೀತಿಯ ವುಡ್‌ಸ್ಟಾಕ್' ಅಂತ ಹೂವಿನ ಅಕ್ಷರದಲ್ಲಿ ಬರೆದು ಯಾರೋ ಪುಣ್ಯಾತ್ಮರು ಹಂಚಿದ್ದಾರೆ. ಮತ್ತೊಂದು ಫೋಟೊದಲ್ಲಿ ಹುಡುಗಿಯರು ತಲೆಗೆ ಹೂವಿನ ಬಳೆ ಸಿಕ್ಕಿಸಿಕೊಂಡು, ಕೂದಲು ಬಾಚಿಕೊಂಡು, ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಕಾಲಿಗೆ ಒಂದು ಚುಕ್ಕೆ ಮಣ್ಣಿಲ್ಲ. ಬಟ್ಟೆ ಅಂಗಡಿ ಜಾಹೀರಾತಿನ ಹಾಗಿದೆ. ಮತ್ತೊಂದರಲ್ಲಿ ಹಾಡುಗಾರನ ಕೈಯಲ್ಲಿ ವೈರೇ ಇಲ್ಲದ ಮೈಕು! ಅದನ್ನು ಕಂಪ್ಯೂಟರೇ ಬರೆದಿರಬೇಕು. ಮೊಮ್ಮಗನ ಮೇಲೆ ಸಿಟ್ಟಾಗಬೇಡಿ, ಅವನಿಗೂ ಯಾರೋ ಕಳಿಸಿದ್ದು ತಾನೇ.

ನಿಜವಾದ ಮೂರನ್ನು ಹೇಗೆ ಗುರುತಿಸಿದೆ ಅಂದರೆ, ನೀವು ಬೈದ ಕೆಸರಿನಿಂದಲೇ.

ಸ್ವಲ್ಪ ಹಿಂದಿನ ಕತೆ ಹೇಳಬೇಕು. ವುಡ್‌ಸ್ಟಾಕ್ ಉತ್ಸವ ನಡೆದದ್ದು ವುಡ್‌ಸ್ಟಾಕ್‌ನಲ್ಲಿ ಅಲ್ಲ, ಅಲ್ಲಿಂದ ಸುಮಾರು 65 ಕಿಲೋಮೀಟರ್ ದೂರದ ಬೆಥೆಲ್‌ನಲ್ಲಿ. ಮೊದಲು ವಾಲ್‌ಕಿಲ್ ಅನ್ನೋ ಊರಲ್ಲಿ ಅಂತ ಗೊತ್ತಾಗಿತ್ತು. ಆ ಊರಿನವರು 1969ರ ಜುಲೈನಲ್ಲಿ, ಅಂದರೆ ಒಂದೇ ತಿಂಗಳು ಬಾಕಿ ಇರುವಾಗ, ಆಗಲ್ಲ ಅಂದುಬಿಟ್ಟರು. ಆಗ ಜಾಗ ಕೊಟ್ಟವನು ಮ್ಯಾಕ್ಸ್ ಯಾಸ್ಗರ್, 49 ವರ್ಷದ ಹೈನುಗಾರ. ಉದ್ದ ಕೂದಲಿನ ಹುಡುಗರ ಪಕ್ಷದವನೇನಲ್ಲ, ರಿಪಬ್ಲಿಕನ್. ಐವತ್ತು ಸಾವಿರ ಜನ ಬರುತ್ತಾರೆ ಅಂತ ಊರವರಿಗೆ ಹೇಳಿದ್ದರು. ಬಂದವರು ನಾಲ್ಕು ಲಕ್ಷಕ್ಕೂ ಜಾಸ್ತಿ. ಬೇಲಿ ಹಾಕಿ ಮುಗಿಸೋಕೇ ಆಗಲಿಲ್ಲ, ಕೊನೆಗೆ ಎಲ್ಲರಿಗೂ ಪುಕ್ಕಟೆ ಅಂತ ಸಾರಿದರು. ಮುಂಚೆಯೇ 18 ಡಾಲರ್ ಕೊಟ್ಟು ಟಿಕೆಟ್ ತಗೊಂಡವರ ಮುಖ ಹೇಗಿತ್ತೋ, ಅದರ ಫೋಟೊ ಮಾತ್ರ ನಾನೆಲ್ಲೂ ನೋಡಿಲ್ಲ.

ಈಗ ಮಣ್ಣಿನ ವಿಷಯ. ಶುಕ್ರವಾರ, ಆಗಸ್ಟ್ 15ರ ಸಂಜೆಯ ಫೋಟೊಗಳಲ್ಲಿ ಇನ್ನೂ ಹುಲ್ಲು ಕಾಣುತ್ತೆ. ಸಂಜೆ ಐದು ದಾಟಿದ ಮೇಲೆ ರಿಚಿ ಹೇವನ್ಸ್ ಶುರು ಮಾಡಿದ. ಅವನೇ ಮೊದಲು ಹಾಡಬೇಕಾದವನೇನಲ್ಲ, ಉಳಿದವರಲ್ಲಿ ಬಹಳಷ್ಟು ಜನ ರಸ್ತೆಯಲ್ಲಿ ಕಾರುಗಳ ಮಧ್ಯೆ ಸಿಕ್ಕಿಬಿದ್ದಿದ್ದರು. ಆ ರಾತ್ರಿ ಮಳೆ ಹನಿಯಿತು. ಶನಿವಾರ ನೆಲ ಮೆತ್ತಗಾಗಿದೆ, ಹುಲ್ಲು ನಲುಗಿದೆ. ಭಾನುವಾರ ಮಧ್ಯಾಹ್ನ ಜೋ ಕಾಕರ್ ಹಾಡಿ ಇಳಿದ ಮೇಲೆ ಗಾಳಿ ಸಮೇತ ಜೋರು ಮಳೆ ಹೊಡೆಯಿತಲ್ಲ, ಆಮೇಲಿನದ್ದೆಲ್ಲ ನಮ್ಮ ಗದ್ದೆ ನಾಟಿಯ ಹಾಗಿದೆ. ಹುಡುಗರು ಕೆಸರಲ್ಲಿ ಜಾರುಗುಪ್ಪೆ ಆಡುತ್ತಿರೋ ಫೋಟೊ ಕಂಡರೆ ಕಣ್ಣು ಮುಚ್ಚಿಕೊಂಡು ಭಾನುವಾರ ಅನ್ನಬಹುದು. ಸೋಮವಾರ ಬೆಳಗ್ಗೆಯ ಫೋಟೊಗಳಲ್ಲಿ ಜನಕ್ಕಿಂತ ಒದ್ದೆ ಕಂಬಳಿ, ಬಿಟ್ಟುಹೋದ ಚಪ್ಪಲಿ, ಕಾಗದ, ಡಬ್ಬಿಗಳೇ ಜಾಸ್ತಿ. ಹೆಂಡ್ರಿಕ್ಸ್ ನುಡಿಸಿದ್ದು ಆ ಬೆಳಗ್ಗೆ. ಭಾನುವಾರ ರಾತ್ರಿಯೇ ಮುಗಿಯಬೇಕಾಗಿದ್ದು ಎಳೆದು ಎಳೆದು ಸೋಮವಾರಕ್ಕೆ ಬಂದಿತ್ತು. ಬಹಳಷ್ಟು ಜನ ಕೆಲಸ, ಕಾಲೇಜು ಅಂತ ಹೊರಟುಹೋಗಿದ್ದರು. ಬಿಳಿ ಚರ್ಮದ ಜೂಲು ಅಂಗಿ, ತಲೆಗೆ ಕೆಂಪು ಬಟ್ಟೆ, ಬಿಳಿ ಗಿಟಾರು. ಎದುರಿಗೆ ಅರ್ಧ ಖಾಲಿ ಮೈದಾನ. ಅಮೆರಿಕದ ರಾಷ್ಟ್ರಗೀತೆಯನ್ನು ಗಿಟಾರಿನಲ್ಲಿ ಕಿರುಚಿಸಿ, ಅಳಿಸಿ, ಬಾಂಬು ಬಿದ್ದ ಹಾಗೆ ನುಡಿಸಿದ್ದು ಇದೇ ಜನದ ಮುಂದೆ. ಆ ಹೊತ್ತಿಗೆ ವಿಯೆಟ್ನಾಮಿನಲ್ಲಿ ಐದು ಲಕ್ಷ ಅಮೆರಿಕನ್ ಸೈನಿಕರಿದ್ದರು ಅನ್ನೋದನ್ನೂ ಜೊತೆಗಿಟ್ಟು ನೋಡಿ. ಕಸ ಕಾಣದ ಹಾಗೆ ಆ ಫೋಟೊ ಕತ್ತರಿಸಿದ್ದರೆ ಇದು ಯಾವ ಬೆಳಗ್ಗೆ ಅಂತ ನಿಮಗೆ ಹೇಗೆ ಗೊತ್ತಾಗಬೇಕಿತ್ತು, ಹೇಳಿ?

ಮಲಗಿದವರ ಬಗ್ಗೆಯೂ ಒಂದು ಮಾತು. ಅಲ್ಲಿನ ಎಲ್ಲಕ್ಕಿಂತ ಹೆಸರಾದ ಫೋಟೊದಲ್ಲಿ ಹಾಡುಗಾರರೇ ಇಲ್ಲ. ಭಾನುವಾರ ನಸುಕಿನಲ್ಲಿ ಬರ್ಕ್ ಅಜಲ್ ಅನ್ನೋ ಫೋಟೊಗ್ರಾಫರ್ ತೆಗೆದದ್ದು. ಒಂದೇ ಕಂಬಳಿ ಹೊದ್ದು ತಬ್ಬಿಕೊಂಡು ನಿಂತಿರೋ ಹುಡುಗ ಹುಡುಗಿ, ಸುತ್ತ ಹೆಣಗಳ ಹಾಗೆ ಮಲಗಿರೋ ಜನ, ಪಕ್ಕದಲ್ಲಿ ನೆಟ್ಟ ಕೋಲಿಗೆ ಒಂದು ಪ್ಲಾಸ್ಟಿಕ್ ಚಿಟ್ಟೆ. 1970ರಲ್ಲಿ ಬಂದ ಉತ್ಸವದ ಎಲ್ಪಿ ರೆಕಾರ್ಡಿನ ರಕ್ಷಾಪುಟಕ್ಕೆ ಅದನ್ನೇ ಹಾಕಿದರು. ಅವರಿಬ್ಬರೂ ದೂರದಿಂದ ಬಂದ ಹಿಪ್ಪಿಗಳಲ್ಲ, ಅದೇ ಸೀಮೆಯ ಇಪ್ಪತ್ತು ವರ್ಷದ ಮಕ್ಕಳು. ರೆಕಾರ್ಡು ಕೈಗೆ ಸಿಕ್ಕಾಗಲೇ ಅವರಿಗೆ ತಮ್ಮ ಫೋಟೊ ತೆಗೆದದ್ದು ಗೊತ್ತಾಗಿದ್ದು. 1971ರಲ್ಲಿ ಮದುವೆಯಾದರು, 2023ರಲ್ಲಿ ಆಕೆ ತೀರಿಕೊಳ್ಳುವವರೆಗೂ ಒಟ್ಟಿಗಿದ್ದರು. ಅವಳ ಮುಖ ನೋಡಿ, ನಿದ್ದೆಗೆಟ್ಟ ಮುಖ. ಇದನ್ನು ನಾವು ಮೂರನೇ ಪುಟದಲ್ಲಿ ಹಾಕಿದ್ದು ಬೇಕು ಅಂತಲೇ.

ಅಲ್ಲಿದ್ದ ಫೋಟೊಗ್ರಾಫರುಗಳು ಸುಮ್ನೆ ಬಂದವರಲ್ಲ. ಲೈಫ್ ಪತ್ರಿಕೆಗೆ ಫೋಟೊ ತೆಗೆದವರಲ್ಲಿ ಜಾನ್ ಡೊಮಿನಿಸ್ ಇದ್ದರು. ಹಿಂದಿನ ವರ್ಷ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಇಬ್ಬರು ಕಪ್ಪು ಓಟಗಾರರು ಮುಷ್ಟಿ ಎತ್ತಿ ನಿಂತ ಫೋಟೊ ತೆಗೆದವರು. ಬಿಲ್ ಎಪ್ರಿಜ್ ಇದ್ದರು, ಗುಂಡೇಟು ತಿಂದು ನೆಲದ ಮೇಲೆ ಬಿದ್ದ ರಾಬರ್ಟ್ ಕೆನಡಿಯ ಫೋಟೊ ಅವರದ್ದು. ಅಂಥವರು ಕೆಸರಲ್ಲಿ ಓಡಾಡಿ, ವೇದಿಕೆಗೆ ಬೆನ್ನು ಹಾಕಿ ಜನರನ್ನು ತೆಗೆದರು. ಬ್ಯಾರನ್ ವುಲ್ಮನ್ ಕೂಡ ಹಾಗೇ, ರೋಲಿಂಗ್ ಸ್ಟೋನ್ ಪತ್ರಿಕೆಯ ಫೋಟೊಗ್ರಾಫರ್ ಆಗಿದ್ದರೂ ಜಾಸ್ತಿ ತೆಗೆದದ್ದು ಜನರನ್ನೇ.

ಉತ್ಸವದವರೇ ಕರೆಸಿದ್ದ ಹೆನ್ರಿ ಡಿಲ್ಟ್ಸ್ ಎರಡು ವಾರ ಮುಂಚೆಯೇ ಹೋಗಿ ಕೂತಿದ್ದರು. ಬಡಗಿಗಳು ವೇದಿಕೆ ಕಟ್ಟುತ್ತಿರೋ ಅವರ ಫೋಟೊಗಳು ನನಗಂತೂ ಹೆಂಡ್ರಿಕ್ಸ್‌ಗಿಂತ ಇಷ್ಟ. ಇವರದ್ದೇ ಇನ್ನೊಂದು ಕತೆ ಹೇಳಿಬಿಡುತ್ತೇನೆ, ನಿಮ್ಮ ಮೊದಲ ದೂರಿಗೂ ಹತ್ತಿರದ್ದು. ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಅಂತ ಮೂವರ ತಂಡ. ವುಡ್‌ಸ್ಟಾಕ್‌ನಲ್ಲಿ ಜನರ ಮುಂದೆ ಒಟ್ಟಿಗೆ ಹಾಡಿದ್ದು ಅವರಿಗೆ ಎರಡನೇ ಸಲವಷ್ಟೆ. ಅವರ ಮೊದಲ ರೆಕಾರ್ಡಿಗೆ ಡಿಲ್ಟ್ಸ್ ಒಂದು ಹಳೇ ಮನೆ ಮುಂದೆ ಸೋಫಾದಲ್ಲಿ ಕೂರಿಸಿ ಫೋಟೊ ತೆಗೆದರು. ಆಮೇಲೆ ತಂಡದ ಹೆಸರು ಗಟ್ಟಿಯಾಯಿತು, ನೋಡಿದರೆ ಮೂವರೂ ಆ ಹೆಸರಿಗೆ ಉಲ್ಟಾ ಸಾಲಿನಲ್ಲಿ ಕೂತಿದ್ದಾರೆ. ಮತ್ತೆ ತೆಗೆಯೋಣ ಅಂತ ಕೆಲವೇ ದಿನದಲ್ಲಿ ಹೋದರೆ ಮನೆಯೇ ಇಲ್ಲ, ಕೆಡವಿಬಿಟ್ಟಿದ್ದರು! ನಮ್ಮ ಹುಡುಗನಾಗಿದ್ದರೆ ಗುಂಡಿ ಒತ್ತಿ ತಿರುಗಿಸುತ್ತಿದ್ದ. ಅವರು ಇದ್ದ ಹಾಗೇ ಛಾಪಿಸಿದರು.

ಇನ್ನು ರವಿಶಂಕರ್. ನಿಮ್ಮ ಮೂರು ದೂರಿನಲ್ಲಿ ನನಗೆ ಚುರುಕ್ ಅಂದಿದ್ದು ಇದೇ. ಹುಡುಕಲಿಲ್ಲ ಅಂತಲ್ಲ. ಅವರು ನುಡಿಸಿದ್ದು ಶುಕ್ರವಾರ ರಾತ್ರಿ, ಅದೇ ಮಳೆಯಲ್ಲಿ, ತಬಲಾದಲ್ಲಿ ಅಲ್ಲಾರಖಾ. ವೇದಿಕೆಯ ಚಾವಣಿ ದೀಪಗಳ ಭಾರ ತಡೆಯುವಷ್ಟು ಗಟ್ಟಿಯಾಗಿರಲಿಲ್ಲ. ಅಲ್ಲಿ ಕಟ್ಟಬೇಕಾದ ದೀಪಗಳೆಲ್ಲ ವೇದಿಕೆ ಕೆಳಗೇ ಉಳಿದವು. ಇದ್ದದ್ದು ದೂರದಿಂದ ಬಿಡುವ ಸ್ಪಾಟ್ ಲೈಟುಗಳು ಮಾತ್ರ. ಹಾಗಾಗಿ ವುಡ್‌ಸ್ಟಾಕ್‌ನ ರಾತ್ರಿ ಫೋಟೊಗಳಲ್ಲಿ ಕಗ್ಗತ್ತಲ ನಡುವೆ ಒಂದು ಮುಖ ಮಾತ್ರ ಬೆಳ್ಳಗೆ ಕಾಣುತ್ತೆ. ಬಣ್ಣ ಚೆನ್ನಾಗಿ ಉಳಿಯುವ ಆಗಿನ ಕೊಡಾಕ್ರೋಮ್ ಫಿಲ್ಮಿಗೆ ಬೆಳಕು ಧಾರಾಳ ಬೇಕಾಗಿತ್ತು, ರಾತ್ರಿಗೆ ಅದು ಆಗಿಬರುತ್ತಿರಲಿಲ್ಲ. ನಮಗೆ ಅನುಮತಿ ಸಿಕ್ಕ ಫೋಟೊಗಳಲ್ಲಿ ಸಿತಾರಿನ ತುದಿ, ಒಂದು ಕೈ, ಹಿಂದೆ ಕಪ್ಪು, ಇಷ್ಟೇ ಇತ್ತು. ನಮ್ಮ ಮುದ್ರಣದಲ್ಲಿ ಬರೀ ಮಸಿ ಬಳಿದ ಹಾಗೆ ಬರುತ್ತಿತ್ತು.

ಅವರಿಗೂ ಆ ರಾತ್ರಿ ಹಿಡಿಸಿರಲಿಲ್ಲ. ಕೆಸರಲ್ಲಿ ಕೂತ ಜನರನ್ನು ನೋಡಿ ನಮ್ಮೂರ ಎಮ್ಮೆಗಳು ನೆನಪಾದವು ಅನ್ನೋ ಅರ್ಥದಲ್ಲಿ ಆಮೇಲೆ ಬರೆದುಕೊಂಡಿದ್ದಾರೆ. ಮಾಂಟೆರೆ ಅವರಿಗೆ ಇಷ್ಟವಾಗಿತ್ತು, ಅಲ್ಲಿ ಒಂದು ಮಧ್ಯಾಹ್ನವನ್ನೇ ಅವರಿಗೆ ಬಿಟ್ಟುಕೊಟ್ಟಿದ್ದರು, ಜನ ಕುರ್ಚಿಯಲ್ಲಿ ಕೂತು ಕೇಳಿದ್ದರು. ಆದರೆ ಅದೇ ಮಾಂಟೆರೆಯಲ್ಲಿ ಹೆಂಡ್ರಿಕ್ಸ್ ಗಿಟಾರಿಗೆ ಬೆಂಕಿ ಇಟ್ಟಾಗ ಅವರಿಗೆ ತುಂಬ ನೋವಾಯಿತು. ಆಯುಧಪೂಜೆ ದಿನ ವೀಣೆ, ತಬಲಾಗಳಿಗೆ ಕುಂಕುಮ ಇಟ್ಟು ಕೈಮುಗಿಯುವ ನಮಗೆ ಆ ಸಂಕಟ ವಿವರಿಸಿ ಹೇಳಬೇಕಾಗಿಲ್ಲ ಅಲ್ವಾ. ನಿಮ್ಮ ಒಂಬತ್ತರಲ್ಲಿ ರವಿಶಂಕರ್ ಹಗಲು ಬೆಳಕಲ್ಲಿ ನುಡಿಸುತ್ತಿರೋ ಚಂದದ ಫೋಟೊ ಇದೆ ನೋಡಿ. ರಾತ್ರಿ ಮಳೆಯಲ್ಲಿ ನುಡಿಸಿದವರಿಗೆ ಹಗಲು ಬೆಳಕು ಎಲ್ಲಿಂದ? ಅದು ಮಾಂಟೆರೆಯದ್ದೇ ಇರಬೇಕು ಅಂತ ನನ್ನ ಊಹೆ.

ಒಂಬತ್ತು ಫೋಟೊಗಳನ್ನೂ ಹಿಂದೆ ಪೆನ್ಸಿಲ್‌ನಲ್ಲಿ ಟಿಪ್ಪಣಿ ಬರೆದು ಅಂಚೆಗೆ ಹಾಕಿದ್ದೇನೆ. ಏಳನೆಯದು, ಕಾರಿನ ಬಾನೆಟ್ ಮೇಲೆ ನಾಯಿ ಜೊತೆ ಮಲಗಿರೋ ಹುಡುಗನದ್ದು, ನನಗೆ ಬಗೆಹರಿಯಲಿಲ್ಲ. ಮೊಮ್ಮಗನಿಗೆ ಅದು ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿ ನೋಡಿ.

ಹೆಂಡ್ರಿಕ್ಸ್ ಫೋಟೊವನ್ನು ಈ ಸಂಚಿಕೆಯ ಎಡಗಡೆ ಪುಟದಲ್ಲೇ ಮತ್ತೆ ಹಾಕಿದ್ದೇವೆ, ಕೈ ಸರಿಯಾಗಿದೆ. ಪುಟದ ಹುಡುಗ ಕೊನೆ ಗಳಿಗೆವರೆಗೂ "ಸಾರ್, ಗಿಟಾರು ಪುಟದಿಂದ ಹೊರಗೆ ಹೋಗುತ್ತೆ" ಅಂತ ಹೇಳುತ್ತಲೇ ಇದ್ದ. ಹೋಗಲಿ ಬಿಡು ಅಂದೆ.

– ಸಂಪಾದಕ