‘ಬಾ’ ಎಂದು ಕರೆದವಳಿಗೆ ಏನು ಕಳಿಸಲಿ?

ಓದುಗರ ಪತ್ರ (ಸಂಕ್ಷಿಪ್ತಗೊಳಿಸಿದ್ದು): ನನಗೆ 68 ವರ್ಷ. ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದು ರೊಬಸ್ಟಾ ಕಾಫಿ ತೋಟ. ಕಳೆದ ನವೆಂಬರಿನಲ್ಲಿ ಮಗನ ಒತ್ತಾಯಕ್ಕೆ ಬೆಳೆಗಾರರ ತಂಡದ ಜೊತೆ ವಿಯೆಟ್ನಾಂಗೆ ಹೋಗಿದ್ದೆ. ಬುವನ್ ಮಾ ಥುವೊತ್ ಊರಿನಾಚೆ ಒಂದು ಅಂಗಡಿಯ ಹತ್ತಿರ ಬಸ್ಸು ನಿಂತಾಗ ಶೌಚಾಲಯ ಹುಡುಕಿಕೊಂಡು ಹೋದೆ. ಬರುವಷ್ಟರಲ್ಲಿ ಬಸ್ಸು ಇರಲಿಲ್ಲ. ಪ್ರವಾಸದವರು ತಲೆ ಎಣಿಸದೆ ಹೊರಟುಬಿಟ್ಟಿದ್ದರು. ಮೊಬೈಲು ಬಸ್ಸಿನಲ್ಲೇ ಉಳಿದಿತ್ತು. ಕೈಕಾಲು ನಡುಗುತ್ತಾ ನಿಂತಿದ್ದಾಗ ಪಕ್ಕದ ಮನೆಯಿಂದ ಮಗು ಎತ್ತಿಕೊಂಡ ಹುಡುಗಿಯೊಬ್ಬಳು ‘ಬಾ ಓಯ್, ಬಾ ಓಯ್’ ಎಂದು ಕರೆದಳು. ನಮ್ಮ ಭಾಷೆಯೇ ಕೇಳಿದಂತಾಗಿ ಹಿಂದೆ ಹೋದೆ. ಊಟ ಕೊಟ್ಟಳು. ನನ್ನ ಜೇಬಿನಲ್ಲಿದ್ದ ಹೋಟೆಲಿನ ಕೀ ಕಾರ್ಡ್ ನೋಡಿ ಫೋನ್ ಮಾಡಿದಳು. (ಮಧ್ಯೆ ಮೋಡ ಕವಿಯಿತು, ಕಣದಲ್ಲಿ ಒಣಗಲು ಹರಡಿದ್ದ ಅವರ ಚೆರಿ, ಅಂದರೆ ಕಾಫಿ ಹಣ್ಣು, ಒಟ್ಟುಮಾಡಲು ಸ್ವಲ್ಪ ಕೈಹಾಕಿದೆ.) ಸಂಜೆ ಅವಳ ಗಂಡ ಸ್ಕೂಟರಿನಲ್ಲಿ ಹೋಟೆಲಿಗೆ ಬಿಟ್ಟ. 5 ಲಕ್ಷ ಡಾಂಗ್ ನೋಟು ಕೊಡಹೋದರೆ ಕೈ ಅಡ್ಡ ಆಡಿಸಿಬಿಟ್ಟ. ಧನ್ಯವಾದ ಹೇಳಲೂ ಭಾಷೆ ಇರಲಿಲ್ಲ. ಬರೀ ಪಡೆದುಕೊಂಡು ಬಂದೆ ಅನ್ನುವುದು ಎದೆಯಲ್ಲಿ ಕೂತಿದೆ. ವಿಳಾಸದ ಚೀಟಿ ಇದೆ. ಕಾಫಿ, ಕಾಳುಮೆಣಸು ಕಳಿಸಲೇ? ಇನ್ನೊಂದು ಮಾತು. ತೋಟದ ಕೆಲಸಗಾರರಿರುವ ನಮ್ಮ ಲೈನಿನಲ್ಲಿ ಅಸ್ಸಾಮಿನ ಸಂಸಾರವೊಂದು ಮೂರು ವರ್ಷದಿಂದ ಇದೆ. ಆ ಹೆಂಗಸಿನ ಭಾಷೆಯ ಒಂದು ಪದವೂ ನನಗೆ ಬಾರದು ಅನ್ನುವುದು ಅಲ್ಲಿ ಕೂತಾಗ ನೆನಪಾಯಿತು.

ಸಂಪಾದಕರ ಉತ್ತರ:

ಅಕ್ಕಾ,

ನಿಮ್ಮ ಪತ್ರವನ್ನು ಹೋ ಚಿ ಮಿನ್ ನಗರದಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದಿರುವ ವಿರಾಜಪೇಟೆಯ ಗೆಳೆಯರೊಬ್ಬರಿಗೆ ಫೋನಿನಲ್ಲಿ ಓದಿ ಹೇಳಿದೆ. ‘ಬಾ ಓಯ್’ ಬಂದ ಕೂಡಲೇ ಅವರು ತಡೆದರು. ಆ ಹುಡುಗಿ ನಿಮ್ಮನ್ನು ಬಾ ಅಂದಿಲ್ಲ. ವಿಯೆಟ್ನಾಮಿ ಭಾಷೆಯಲ್ಲಿ ‘ಬಾ’ ಅಂದರೆ ಅಜ್ಜಿ. ‘ಓಯ್’ ಅನ್ನುವುದು ನಮ್ಮ ಓಯ್‌ನ ಹಾಗೆಯೇ ಕೂಗಿ ಕರೆಯುವ ದನಿ. ‘ಅಜ್ಜೀ, ಓ ಅಜ್ಜೀ’ ಎಂದು ಅವಳು ಕರೆದದ್ದು. ನೀವು ‘ಬಾ’ ಎಂದು ಕೇಳಿಸಿಕೊಂಡು ಹೋದಿರಿ.

ಗೆಳೆಯರು ಹೇಳಿದ ಇನ್ನೊಂದು ಸಂಗತಿಯಿದೆ. ಆ ಭಾಷೆಯಲ್ಲಿ ಎಲ್ಲರಿಗೂ ಸಲ್ಲುವ ‘ನೀನು’, ‘ನೀವು’ ದಿನಬಳಕೆಯಲ್ಲಿ ಇಲ್ಲ. ಎದುರಿನವರ ವಯಸ್ಸು ನೋಡಿ ಅಜ್ಜಿ, ಚಿಕ್ಕಮ್ಮ, ಅಕ್ಕ, ತಂಗಿ ಎಂದು ಸಂಬಂಧ ಹಚ್ಚಿದ ಮೇಲೆಯೇ ಮಾತು ಮುಂದುವರಿಯುತ್ತದೆ. ಹಾಗಾಗಿ ಅಲ್ಲಿ ಅಪರಿಚಿತರ ವಯಸ್ಸು ಕೇಳುವುದು ಒರಟುತನವಲ್ಲ. ಆ ಹುಡುಗಿ ನಿಮ್ಮ ಬಿಳಿಗೂದಲು ಕಂಡು ನಿಮ್ಮನ್ನು ಅಜ್ಜಿ ಮಾಡಿಕೊಂಡಳು, ತನ್ನನ್ನು ಮೊಮ್ಮಗಳ ಜಾಗದಲ್ಲಿ ಇಟ್ಟುಕೊಂಡಳು. ಅದಾದ ಮೇಲೆ ಊಟಕ್ಕೆ ದುಡ್ಡು ತೆಗೆದುಕೊಳ್ಳುವುದು ಎಲ್ಲಿಂದ ಬರಬೇಕು? ಅಜ್ಜಿಗೆ ಅನ್ನ ಬಡಿಸಿ ನಾವಾದರೂ ತೆಗೆದುಕೊಳ್ಳುತ್ತೇವೆಯೇ? ಮನೆಯವರಿಗೆ ಧನ್ಯವಾದ ಹೇಳುವ ರೂಢಿಯೂ ನಮ್ಮಲ್ಲಿಲ್ಲ. ಧನ್ಯವಾದಕ್ಕೆ ಅವರ ಮಾತು ‘ಕಾಮ್ ಅನ್’. ಅದು ನಿಮಗೆ ಬಾರದೆ ಹೋದದ್ದನ್ನು ಕೊರತೆಯೆಂದು ಎಣಿಸಬೇಡಿ.

ಈಗ ಆವರಣದಲ್ಲಿ ನೀವು ಬರೆದಿರುವ ಸಾಲಿಗೆ ಬರುತ್ತೇನೆ. ಪತ್ರ ಓದಿದಂದಿನಿಂದ ನನ್ನನ್ನು ಬಿಡದೆ ಇರುವುದು ಅದೇ. ‘ಸ್ವಲ್ಪ ಕೈಹಾಕಿದೆ’ ಎಂದಿದ್ದೀರಿ. ನನಗೆ ಸಮಾಧಾನವಾಗದೆ ಫೋನ್ ಮಾಡಿ ಕೇಳಿದಾಗಲಷ್ಟೇ ಪೂರ್ತಿ ಹೇಳಿದಿರಿ. ಮೋಡ ಬಂದಾಗ ಹುಡುಗಿ ಮಗುವನ್ನು ಕೆಳಗೆ ಬಿಟ್ಟು ಅಂಗಳಕ್ಕೆ ಓಡಿದಳು. ನೀವು ಕೇಳದೆ ಕರೆಯದೆ ಗೋಡೆಗೆ ಒರಗಿಸಿಟ್ಟಿದ್ದ ಗೋರುಹಲಗೆ ತೆಗೆದುಕೊಂಡಿರಿ. ಅವಳು ಆ ಕಡೆಯಿಂದ, ನೀವು ಈ ಕಡೆಯಿಂದ ಎಳೆದು ನಡುವೆ ರಾಶಿ ಮಾಡಿದಿರಿ. ಟಾರ್ಪಾಲಿನ ಎರಡು ಮೂಲೆ ನೀವು ಹಿಡಿದಿರಿ, ಎರಡು ಅವಳು. ಹೊದಿಸುವ ಮೊದಲು ಅವಳು ಒಂದು ಹಿಡಿ ಚೆರಿ ಎತ್ತಿ ಮುಷ್ಟಿಯಲ್ಲಿಟ್ಟು ಕಿವಿಯ ಹತ್ತಿರ ಅಲ್ಲಾಡಿಸಿದಳು. ಆಮೇಲೆ ಅದೇ ಹಿಡಿಯನ್ನು ನಿಮ್ಮ ಅಂಗೈಗೆ ಸುರಿದಳು. ನೀವೂ ಅಲ್ಲಾಡಿಸಿದಿರಿ. ಗಲಗಲ ಎನ್ನಲಿಲ್ಲ, ಸಿಪ್ಪೆಯೊಳಗೆ ಬೀಜ ಇನ್ನೂ ಬಿಟ್ಟುಕೊಂಡಿರಲಿಲ್ಲ. ‘ಇಲ್ಲ, ಇನ್ನೂ ನಾಲ್ಕು ಬಿಸಿಲು ಬೇಕು’ ಎಂದು ಕನ್ನಡದಲ್ಲೇ ಹೇಳಿ ನಾಲ್ಕು ಬೆರಳು ತೋರಿಸಿದಿರಿ. ಅವಳು ತಲೆಯಾಡಿಸಿದಳು.

ಅಕ್ಕಾ, ಕಣದಲ್ಲಿ ಹರಡಿದ ಚೆರಿ ನೆನೆದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಹುಳಿ ಬರುತ್ತದೆ, ಬೂಷ್ಟು ಹಿಡಿಯುತ್ತದೆ, ವರ್ಷದ ದುಡಿಮೆ ವ್ಯಾಪಾರಿಯ ಮುಂದೆ ತಲೆ ತಗ್ಗಿಸುತ್ತದೆ. ಅವಳ ಸಣ್ಣ ಹಿಡುವಳಿಗೆ ಆ ಅಂಗಳವೇ ಎಲ್ಲ. ಅಷ್ಟು ಹೊತ್ತಿನಲ್ಲಿ ಪಕ್ಕಕ್ಕೆ ಇನ್ನೊಂದು ಜೊತೆ ಕೈ ಬಂದದ್ದು, ಅದೂ ಹಲಗೆ ಹಿಡಿಯಲು ಹೇಳಿಕೊಡಬೇಕಿಲ್ಲದ ಕೈ, ಅವಳಿಗೆ ಏನಾಗಿತ್ತೆಂದು ನೀವು ಎಣಿಸಿಯೇ ಇಲ್ಲ.

ನಾವು ಇಲ್ಲಿ ಹೇಗೆ ಮಾತಾಡುತ್ತೇವೆ ನೆನಪಿಸಿಕೊಳ್ಳಿ. ರೊಬಸ್ಟಾ ಬೆಳೆಯುವುದರಲ್ಲಿ ಜಗತ್ತಿಗೆ ಮೊದಲು ವಿಯೆಟ್ನಾಂ. ಅಲ್ಲಿ ಬೆಳೆ ಚೆನ್ನಾದರೆ ನಮ್ಮ ಬೆಲೆ ಕುಸಿಯುತ್ತದೆ, ಅಲ್ಲಿ ಹವೆ ಕೆಟ್ಟರೆ ನಮಗೆ ಚೇತರಿಕೆ. 2024ರಲ್ಲಿ ಅಲ್ಲಿಯ ಬರ ಸೇರಿ ರೊಬಸ್ಟಾ ಬೆಲೆ ದಾಖಲೆ ಮುಟ್ಟಿದಾಗ ಗೋಣಿಕೊಪ್ಪದ ಅಂಗಡಿಗಳಲ್ಲಿ ಕೇಳಿದ ಮಾತು ನನಗೆ ನೆನಪಿದೆ. ‘ಅಲ್ಲಿ ಇನ್ನೊಂದು ವರ್ಷ ಹೀಗೇ ಇದ್ದರೆ ಸಾಕು’ ಅಂದವರು ಕೆಟ್ಟವರಲ್ಲ, ಸಾಲ ಇದ್ದವರು. ಆದರೆ ಆ ‘ಅಲ್ಲಿ’ ಅನ್ನುವ ಜಾಗದಲ್ಲಿ ಮಗುವನ್ನು ಕೆಳಗೆ ಬಿಟ್ಟು ಓಡುವ ಒಬ್ಬ ಹುಡುಗಿ ಇದ್ದಾಳೆ ಎಂದು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ನೀವು ಕಂಡಿರಿ. ನಮ್ಮ ಬೆಲೆ ಏರಿಸುವಂಥ ಮಳೆಗೇ ಸಿಗದಂತೆ ಅವಳ ಬೆಳೆ ಉಳಿಸಿದಿರಿ. ಹಾಗಿರುವಾಗ ಬರೀ ಪಡೆದು ಬಂದೆ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ.

ಕೊಟ್ಟು ಅಭ್ಯಾಸವಿರುವ ಕೈಗೆ ಪಡೆಯುವುದು ಕಷ್ಟ, ಅದು ನನಗೆ ಗೊತ್ತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಕಾಲೂರು ಕಡೆ ಬೆಟ್ಟ ಜರಿದಾಗ ಮಡಿಕೇರಿಯ ಪರಿಹಾರ ಕೇಂದ್ರವೊಂದಕ್ಕೆ ಹೋಗಿದ್ದೆ. ನಿಮ್ಮ ವಯಸ್ಸಿನ ಒಬ್ಬರು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಲಾರದೆ ಮೊದಲ ದಿನ ಉಪವಾಸ ಇದ್ದರು. ಎರಡನೆಯ ದಿನ ಸೀದಾ ಅಡುಗೆಯವರ ಹತ್ತಿರ ಹೋಗಿ ಕೂತು ಈರುಳ್ಳಿ ಹೆಚ್ಚತೊಡಗಿದರು. ಯಾವುದೋ ಜಿಲ್ಲೆಯಿಂದ ಬಂದಿದ್ದ ಆ ಹುಡುಗರು ‘ಬೇಡಮ್ಮ’ ಅನ್ನಲಿಲ್ಲ, ಇನ್ನೊಂದು ಚಾಕು ಕೊಟ್ಟರು. ಆಮೇಲೆ ಆಕೆ ಊಟ ಮಾಡಿದರು. ನಿಮ್ಮ ಹುಡುಗಿಯೂ ಅಜ್ಜಿಯ ಕೈಯಿಂದ ಹಲಗೆ ಕಿತ್ತುಕೊಂಡು ಕೂರಿಸಬಹುದಿತ್ತು. ಹಾಗೆ ಮಾಡಲಿಲ್ಲ. ಅನ್ನ ಕೊಟ್ಟದ್ದಕ್ಕಿಂತ ಅದು ದೊಡ್ಡದೆಂದು ನನಗನ್ನಿಸುತ್ತದೆ.

ಭಾಷೆ ಬಾರದಿದ್ದರೇನು, ಕೈಸನ್ನೆ ಸಾಕು ಎಂದು ಹೇಳುವವರ ಮಾತು ಪೂರ್ತಿ ನಿಜವಲ್ಲ. ಟರ್ಕಿಯ ಬಸ್ ನಿಲ್ದಾಣವೊಂದರಲ್ಲಿ ನಾನು ಹೋಗಬೇಕಿದ್ದ ಊರಿನ ಹೆಸರು ಹೇಳಿ ‘ಕೊನ್ಯಾ?’ ಎಂದು ಕೇಳಿದಾಗ ಚಾಲಕ ಹುಬ್ಬೇರಿಸಿ ಗಲ್ಲ ಮೇಲೆತ್ತಿ ನಾಲಿಗೆಯಿಂದ ‘ತ್ಚ್’ ಎಂದ. ಕೇಳಿಸಲಿಲ್ಲವೇನೋ ಎಂದು ಮತ್ತೆ ಮತ್ತೆ ಕೂಗಿದೆ. ಅಲ್ಲಿ ಆ ಸನ್ನೆಗೆ ‘ಇಲ್ಲ’ ಎಂದೇ ಅರ್ಥ. ಕೊನೆಗೆ ಆತ ಇಳಿದು ಬಂದು ನನ್ನ ಕೈಹಿಡಿದು ನಾಲ್ಕು ಬಸ್ಸಿನಾಚೆ ನಿಂತಿದ್ದ ಬಸ್ಸಿಗೆ ಹತ್ತಿಸಿದ. ಸನ್ನೆ ಸೋತಮೇಲೂ ಬಿಟ್ಟುಹೋಗದೆ ನಿಂತನಲ್ಲ, ನನ್ನನ್ನು ಊರು ಮುಟ್ಟಿಸಿದ್ದು ಅದು.

ಪಾರ್ಸೆಲ್ ವಿಷಯ. ಹಸಿ ಕಾಫಿ ಬೀಜ, ಮೆಣಸು ಬೇಡ. ಗಿಡಮೂಲದ ಸಾಮಾನು ದೇಶ ದಾಟಬೇಕಾದರೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳುತ್ತಾರೆ, ಸುಂಕದವರಲ್ಲಿ ಸಿಕ್ಕಿಬಿದ್ದರೆ ಅವಳಿಗೇ ತಾಪತ್ರಯ. ಅಲ್ಲದೆ ಮೆಣಸಿನ ರಫ್ತಿನಲ್ಲೂ ಮೊದಲು ಅವರೇ. ನಿಮ್ಮ ಕಣದ ಒಂದು ಫೋಟೋ ಕಳಿಸಿ. ನೀವು ಹಲಗೆ ಹಿಡಿದು ನಿಂತದ್ದಾಗಿರಲಿ, ಹಿಂದೆ ನೆರಳಿನ ಸಿಲ್ವರ್ ಓಕ್ ಮರ, ಮೆಣಸಿನ ಬಳ್ಳಿ ಕಾಣಲಿ. ನೆರಳೇ ಇಲ್ಲದ ಅವರ ತೋಟ ನೋಡಿ ನಿಮಗೆ ಆಶ್ಚರ್ಯವಾದಂತೆ ಅವಳಿಗೂ ಆಗುತ್ತದೆ. ವಿಳಾಸವನ್ನು ಕೈಯಲ್ಲಿ ಬರೆಯಬೇಡಿ, ಚೀಟಿಯ ನೆರಳಚ್ಚು ಅಂಟಿಸಿ. ಅವರದು ಇಂಗ್ಲಿಷಿನಂಥದೇ ಲಿಪಿಯಾದರೂ ಅಕ್ಷರದ ಮೇಲೆ ಕೆಳಗೆ ಕೊಂಕು, ಚುಕ್ಕಿ ಇರುತ್ತವೆ. ‘ಮಾ’ ಎಂಬ ಒಂದೇ ಉಲಿ ರಾಗ ಬದಲಾದಂತೆ ದೆವ್ವ, ತಾಯಿ, ಗೋರಿ, ಕುದುರೆ, ಭತ್ತದ ಸಸಿ ಎಲ್ಲವೂ ಆಗುತ್ತದೆ.

ಅಸ್ಸಾಮಿನ ಸಂಸಾರದ ಬಗ್ಗೆ ಬರೆದಿದ್ದೀರಿ. ನೀವೇ ಅದನ್ನು ಎತ್ತಿದ್ದರಿಂದ ನಾನು ಉಪದೇಶ ಮಾಡಬೇಕಿಲ್ಲ. ಒಂದೆರಡು ಪದ ಹೇಳುತ್ತೇನೆ. ಜ್ವರಕ್ಕೆ ಅವರೂ ಹೆಚ್ಚುಕಡಿಮೆ ‘ಜೊರ್’ ಎನ್ನುತ್ತಾರೆ. ಅಸ್ಸಾಮಿಯೋ ಬಂಗಾಳಿಯೋ, ಎರಡರಲ್ಲೂ ಔಷಧಕ್ಕೆ ಹೆಸರು ಔಷಧವೇ, ಉಚ್ಚಾರ ಬೇರೆ ಅಷ್ಟೆ. ಮಳೆಗಾಲದಲ್ಲಿ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯ ಸಾಲಿನಲ್ಲಿ ನಿಂತ ಹೆಂಗಸಿಗೆ ಪಕ್ಕದಲ್ಲಿ ಈ ಎರಡು ಪದ ಗೊತ್ತಿರುವ ಒಬ್ಬರು ಇದ್ದರೆ ಬಹಳವಾಯಿತು. ಅವಳು ನಿಮ್ಮನ್ನು ಏನೆಂದು ಕರೆಯುತ್ತಾಳೆ? ಪತ್ರದಲ್ಲಿ ಅದನ್ನು ಬರೆದಿಲ್ಲ.

ಫೋಟೋದ ಜೊತೆಗೆ ಕನ್ನಡದಲ್ಲೇ ಪತ್ರ ಬರೆದು ನಮಗೆ ಕಳಿಸಿ. ವಿರಾಜಪೇಟೆಯ ಗೆಳೆಯರು ಅದನ್ನು ವಿಯೆಟ್ನಾಮಿಗೆ ತಿರುಗಿಸಿ ಕೊಡುತ್ತೇನೆ ಎಂದಿದ್ದಾರೆ. ಮೊದಲ ಪದವೇ ಅವರಿಗೆ ತೊಡಕಾಗಿದೆ: ‘ನೀನು’ ಎಂದು ಬರೆಯುವ ಹಾಗಿಲ್ಲವಲ್ಲ, ಮಗಳು ಅನ್ನಬೇಕೋ ಮೊಮ್ಮಗಳು ಅನ್ನಬೇಕೋ? ಆ ಹುಡುಗಿಗೆ ಎಷ್ಟು ವಯಸ್ಸಿರಬಹುದು, ಅದನ್ನೂ ತಿಳಿಸಿ.