ಎಡಿಟ್ ಮಾಡಿದ್ದು ಎಲ್ಲಿ ಸೇವ್ ಆಗುತ್ತದೆ? ರಾ ಫೈಲ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದಿದ್ದು ರಾ ಫೈಲ್ ಪ್ರಶ್ನೆಗಳೇ. ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ರಾ ಫೈಲ್ ಅಂದರೆ ಕ್ಯಾಮೆರಾ ಜೆಪೆಗ್ ಮಾಡುವ ಮುಂಚಿನ ಮೂಲ ಡೇಟಾ ಇರುವ ಫೈಲ್.

ಪ್ರಶ್ನೆ: ಮದುವೆ ಫೋಟೊಗ್ರಫಿ ನನ್ನ ಕೆಲಸ. ಕ್ಯಾನನ್ ಕ್ಯಾಮೆರಾದ ಸಿಆರ್3 ಅನ್ನುವ ರಾ ಫೈಲ್‌ಗಳನ್ನು ಲೈಟ್‌ರೂಮ್ ಕ್ಲಾಸಿಕ್ ಸಾಫ್ಟ್‌ವೇರಿನಲ್ಲಿ ಎಡಿಟ್ ಮಾಡಿದ್ದೆ. ಹೊಸ ಕಂಪ್ಯೂಟರ್ ತಗೊಂಡು, ಫೋಟೊ ಫೋಲ್ಡರ್‌ಗಳನ್ನೆಲ್ಲ ಕಾಪಿ ಮಾಡಿ, ಇಲ್ಲಿ ಇಂಪೋರ್ಟ್ ಮಾಡಿದರೆ ಒಂದರಲ್ಲೂ ಎಡಿಟ್ ಇಲ್ಲ! ಎಲ್ಲ ಕ್ಯಾಮೆರಾದಿಂದ ಬಂದ ಹಾಗೇ ಇವೆ. ಆಲ್ಬಂ ಇನ್ನೂ ಪ್ರಿಂಟ್‌ಗೆ ಹೋಗಿಲ್ಲ. ಏನು ಮಾಡಲಿ ಸರ್?
*— ಓದುಗರು, ದಾವಣಗೆರೆ*

ಉತ್ತರ: ಮೊದಲು ಒಂದು ಮಾತು. ಹಳೇ ಕಂಪ್ಯೂಟರನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ನಿಮ್ಮ ಕೆಲಸ ಪೂರ್ತಿ ಅದರೊಳಗೇ ಇದೆ.

ಲೈಟ್‌ರೂಮ್ ನಿಮ್ಮ ಸಿಆರ್3 ಫೈಲಿನ ಚಿತ್ರವನ್ನು ಮುಟ್ಟುವುದೇ ಇಲ್ಲ. ಹಿಂದೆ ಸ್ಟುಡಿಯೊದಲ್ಲಿ ನೆಗೆಟಿವ್ ಹಾಗೇ ಇಟ್ಟುಕೊಂಡು ಪ್ರಿಂಟ್ ಹಾಕುವಾಗ ಬೆಳಕು ಹೆಚ್ಚು ಕಡಿಮೆ ಮಾಡುತ್ತಿದ್ದರಲ್ಲ, ಇಲ್ಲೂ ಅಷ್ಟೇ. ನೀವು ಎಕ್ಸ್‌ಪೋಷರ್ ಏರಿಸಿದ್ದು, ಕ್ರಾಪ್ ಮಾಡಿದ್ದು, ಮುಖಕ್ಕೆ ಬ್ರಷ್ ಹೊಡೆದಿದ್ದು, ಎಲ್ಲವೂ 'ಈ ಫೋಟೊಗೆ ಹೀಗೆ ಮಾಡು' ಅನ್ನುವ ಸೂಚನೆಗಳಾಗಿ ಕ್ಯಾಟಲಾಗ್ ಅನ್ನುವ ಬೇರೆ ಫೈಲಿನಲ್ಲಿ ಕೂತಿರುತ್ತವೆ. ಅದರ ಕೊನೆಯಲ್ಲಿ 'ಎಲ್‌ಆರ್‌ಕ್ಯಾಟ್' ಅಂತ ಇರುತ್ತದೆ. ಒಳಗಿರುವುದು ಎಸ್‌ಕ್ಯೂಲೈಟ್ ಅನ್ನುವ ಬಗೆಯ ಡೇಟಾಬೇಸ್. ನೀವು ಬದಲಾಯಿಸಿಲ್ಲ ಅಂದರೆ ಅದು ಪಿಕ್ಚರ್ಸ್ ಫೋಲ್ಡರಿನ ಒಳಗೆ ಲೈಟ್‌ರೂಮ್ ಅನ್ನುವ ಫೋಲ್ಡರಿನಲ್ಲಿ ಸಿಗುತ್ತದೆ. ನೀವು ಫೋಟೊ ಮಾತ್ರ ತಂದಿದ್ದೀರಿ, ಕ್ಯಾಟಲಾಗ್ ಅಲ್ಲೇ ಉಳಿದಿದೆ.

ಈಗ ಎರಡು ದಾರಿ ಇವೆ. ಹಳೇ ಕಂಪ್ಯೂಟರಿನಲ್ಲಿ ಲೈಬ್ರರಿಯ ಗ್ರಿಡ್ ನೋಟಕ್ಕೆ ಹೋಗಿ ಎಲ್ಲ ಫೋಟೊ ಸೆಲೆಕ್ಟ್ ಮಾಡಿ, ಕಂಟ್ರೋಲ್ ಎಸ್ ಒತ್ತಿ. ಆಗ ಪ್ರತಿ ರಾ ಫೈಲಿನ ಪಕ್ಕ ಎಕ್ಸ್‌ಎಂಪಿ ಅನ್ನುವ ಪುಟ್ಟ ಫೈಲ್ ಹುಟ್ಟುತ್ತದೆ. ಅವನ್ನು ಹೊಸ ಕಂಪ್ಯೂಟರಿನಲ್ಲಿ ಆಯಾ ರಾ ಫೈಲಿನ ಪಕ್ಕದಲ್ಲೇ ಇಟ್ಟು, ಫೋಟೊ ಎಲ್ಲ ಸೆಲೆಕ್ಟ್ ಮಾಡಿ, ಮೆಟಾಡೇಟಾ ಮೆನುವಿನಲ್ಲಿ 'ರೀಡ್ ಮೆಟಾಡೇಟಾ ಫ್ರಮ್ ಫೈಲ್ಸ್' ಕೊಟ್ಟರೆ ಎಡಿಟ್ ವಾಪಸ್ ಬರುತ್ತದೆ. ಆದರೆ ಹೊಸ ಕಂಪ್ಯೂಟರಿನಲ್ಲಿ ಆಗಲೇ ಏನಾದರೂ ಎಡಿಟ್ ಶುರು ಮಾಡಿದ್ದರೆ ಅದರ ಮೇಲೆ ಹಳೆಯದು ಬಂದು ಕೂರುತ್ತದೆ, ನೋಡಿಕೊಳ್ಳಿ.

ನಿಮಗೆ ನಾನು ಹೇಳುವುದು ಎರಡನೇ ದಾರಿಯನ್ನೇ, ಅಂದರೆ ಕ್ಯಾಟಲಾಗನ್ನೇ ತರುವುದು. ಯಾಕೆಂದರೆ ಎಕ್ಸ್‌ಎಂಪಿಗೆ ಎಲ್ಲವೂ ಹೋಗುವುದಿಲ್ಲ. ಸ್ಟಾರ್, ಬಣ್ಣದ ಲೇಬಲ್, ಕೀವರ್ಡ್, ಡೆವಲಪ್ ಸೆಟ್ಟಿಂಗ್ ಹೋಗುತ್ತವೆ. ಕಲೆಕ್ಷನ್‌ಗಳು, ವರ್ಚುವಲ್ ಕಾಪಿಗಳು, ಹಿಸ್ಟರಿ ಹೋಗುವುದಿಲ್ಲ. ಲೈಟ್‌ರೂಮ್‌ನ ಹಳೇ ಆವೃತ್ತಿಗಳಲ್ಲಿ ಬಾವುಟ ಹಾಕಿ ಆರಿಸಿದ್ದೂ ಹೋಗುವುದಿಲ್ಲ. ಮದುವೆ ಕೆಲಸದಲ್ಲಿ ಆಲ್ಬಂಗೆ ಆರಿಸುವುದು ಬಾವುಟ ಹಾಕಿಯೇ ಅಲ್ವಾ? ತಾಳಿ ಕಟ್ಟುವ ಫೋಟೊ ಒಂದು ಕಲರ್, ಒಂದು ಬ್ಲ್ಯಾಕ್ ಆಂಡ್ ವೈಟ್ ಅಂತ ಇಟ್ಟುಕೊಳ್ಳುವುದು ವರ್ಚುವಲ್ ಕಾಪಿಯಲ್ಲೇ. ಅದೆಲ್ಲ ಕೈಬಿಟ್ಟುಹೋದರೆ ಅರ್ಧ ಕೆಲಸ ಮತ್ತೆ ಮಾಡಬೇಕು.

ಆದ್ದರಿಂದ ಲೈಟ್‌ರೂಮ್ ಮುಚ್ಚಿ, ಕ್ಯಾಟಲಾಗ್ ಇರುವ ಫೋಲ್ಡರನ್ನು ಪೂರ್ತಿಯಾಗಿ ಕಾಪಿ ಮಾಡಿ. ಎಲ್‌ಆರ್‌ಕ್ಯಾಟ್ ಒಂದೇ ಸಾಲದು, ಪಕ್ಕದಲ್ಲೇ ಅದೇ ಹೆಸರಿನ ಕೊನೆಗೆ 'ಡೇಟಾ' ಅಂತ ಸೇರಿಕೊಂಡಿರುವುದು ಇದ್ದರೆ ಅದೂ ಬೇಕು. ಹೊಸ ಕಂಪ್ಯೂಟರಿನಲ್ಲಿ ಆ ಕ್ಯಾಟಲಾಗನ್ನೇ ತೆರೆಯಿರಿ. ಡ್ರೈವ್ ಅಕ್ಷರ ಬದಲಾಗಿದ್ದರೆ ಫೋಲ್ಡರ್ ಮೇಲೆ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ, ಗಾಬರಿ ಬೇಡ. ರೈಟ್ ಕ್ಲಿಕ್ ಮಾಡಿ 'ಫೈಂಡ್ ಮಿಸ್ಸಿಂಗ್ ಫೋಲ್ಡರ್' ಕೊಟ್ಟು ಫೋಟೊ ಎಲ್ಲಿದೆ ಅಂತ ತೋರಿಸಿದರೆ ಆಯಿತು.

ಇನ್ನೊಂದು ವಿಷಯ. ಲೈಟ್‌ರೂಮ್ ಮುಚ್ಚುವಾಗ ಬ್ಯಾಕಪ್ ಮಾಡಲಾ ಅಂತ ಕೇಳುತ್ತದೆ. ಆ ಬ್ಯಾಕಪ್‌ನಲ್ಲಿ ಕ್ಯಾಟಲಾಗ್ ಮಾತ್ರ ಇರುತ್ತದೆ, ಒಂದು ಫೋಟೊ ಕೂಡ ಇರುವುದಿಲ್ಲ. ತುಂಬ ಜನ ಫೋಟೊನೂ ಅದರಲ್ಲೇ ಇದೆ ಅಂದುಕೊಂಡಿರುತ್ತಾರೆ. ಫೋಟೊ ಬೇರೆ ಕಾಪಿ ಮಾಡಲೇಬೇಕು, ಕ್ಯಾಟಲಾಗ್ ಬ್ಯಾಕಪ್ಪೂ ಬೇರೆ ಡಿಸ್ಕಿಗೆ ಹೋಗುವ ಹಾಗೆ ಮಾಡಿಕೊಳ್ಳಿ.

ಪ್ರಶ್ನೆ: ಹಕ್ಕಿ ಫೋಟೊ ತೆಗೆಯುತ್ತೇನೆ. ನಿಕಾನ್ ಕ್ಯಾಮೆರಾದ ಪ್ರತಿ ರಾ ಫೈಲ್ (ಎನ್‌ಇಎಫ್) ಪಕ್ಕದಲ್ಲೂ ಕೆಲವೇ ಕೆಬಿಯ ಎಕ್ಸ್‌ಎಂಪಿ ಫೈಲ್ ಬಂದು ಫೋಲ್ಡರ್ ಗಿಜಿಗಿಜಿ ಆಗಿದೆ. ಡಿಲೀಟ್ ಮಾಡಬಹುದಾ?
*— ಓದುಗರು, ಶಿರಸಿ*

ಉತ್ತರ: ಬೇಡ, ದಯವಿಟ್ಟು ಬೇಡ. ಒಂದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. 'ಎಕ್ಸ್‌ಪೋಷರ್2012' ಎದುರು +0.65, 'ಹೈಲೈಟ್ಸ್2012' ಎದುರು -40, 'ಟೆಂಪರೇಚರ್' ಎದುರು 5200, ಹೀಗೆ ಸಾಲು ಸಾಲಾಗಿ ಇರುತ್ತವೆ. ನೀವು ದಾಂಡೇಲಿಯ ಮಂಗಟ್ಟೆ ಹಕ್ಕಿಯ ಕೊಕ್ಕಿನ ಹಳದಿ ಸರಿಮಾಡಲು ಎಳೆದ ಒಂದೊಂದು ಸ್ಲೈಡರೂ ಅಲ್ಲಿ ಅಂಕಿಯಾಗಿ ಬರೆದಿರುತ್ತದೆ. ಆ 2012 ಯಾಕೆ ಅಂದರೆ, ಈ ಸ್ಲೈಡರ್‌ಗಳು ಲೆಕ್ಕ ಹಾಕುವ ರೀತಿಯನ್ನು ಲೈಟ್‌ರೂಮ್ ಮಾಡುವ ಅಡೋಬಿಯವರು ಆ ವರ್ಷ ಬದಲಾಯಿಸಿದರು.

ಹೆಸರಿನ ವಿಷಯದಲ್ಲಿ ಹುಷಾರು. ಡಿಎಸ್‌ಸಿ_4512.ಎನ್‌ಇಎಫ್ ಇದ್ದರೆ ಅದರ ಜೊತೆಗಾರ ಡಿಎಸ್‌ಸಿ_4512.ಎಕ್ಸ್‌ಎಂಪಿ. ನೀವು ವಿಂಡೋಸ್‌ನಲ್ಲಿ ರಾ ಫೈಲಿನ ಹೆಸರು ಮಾತ್ರ ಬದಲಾಯಿಸಿದರೆ ಎರಡಕ್ಕೂ ಸಂಬಂಧ ಕಡಿದುಹೋಗುತ್ತದೆ. ಹೆಸರು ಬದಲಾಯಿಸುವುದು, ಫೈಲ್ ಜರುಗಿಸುವುದು ಎಲ್ಲ ಲೈಟ್‌ರೂಮ್ ಒಳಗಿಂದಲೇ ಮಾಡಿ, ಎರಡೂ ಒಟ್ಟಿಗೆ ಹೋಗುತ್ತವೆ.

ನಿಕಾನ್‌ನವರದೇ ಎನ್ಎಕ್ಸ್ ಸ್ಟುಡಿಯೊ ಸಾಫ್ಟ್‌ವೇರ್ ಬಳಸುವವರಿಗೂ ಇದೇ ಮಾತು. ಅದು ಫೋಟೊ ಇರುವ ಫೋಲ್ಡರಿನ ಒಳಗೇ 'ಎನ್‌ಕೆಎಸ್‌ಸಿ_ಪ್ಯಾರಮ್' ಅಂತ ಇನ್ನೊಂದು ಫೋಲ್ಡರ್ ಮಾಡಿ ಎಡಿಟ್ ಅಲ್ಲಿಡುತ್ತದೆ. ಕ್ಯಾನನ್‌ನವರ ಡಿಪಿಪಿ ಸಾಫ್ಟ್‌ವೇರ್ ಮಾತ್ರ ಬೇರೆ, ಅದು ಸೂಚನೆಗಳನ್ನು ರಾ ಫೈಲಿನೊಳಗೇ ಸೇರಿಸುತ್ತದೆ. ಆಗಲೂ ಚಿತ್ರದ ಡೇಟಾ ಹಾಗೇ ಇರುತ್ತದೆ.

ಪ್ರಶ್ನೆ: ಒಂದೇ ರಾ ಫೋಟೊವನ್ನು ಪದೇ ಪದೇ ಎಡಿಟ್ ಮಾಡಿದರೆ ಕ್ವಾಲಿಟಿ ಹಾಳಾಗುತ್ತದಾ?
*— ಓದುಗರು, ಮೈಸೂರು*

ಉತ್ತರ: ಇಲ್ಲ. ಪ್ರತಿ ಸಲವೂ ಲೆಕ್ಕ ಶುರುವಾಗುವುದು ಮೂಲ ಡೇಟಾದಿಂದಲೇ. ಹತ್ತು ವರ್ಷ ಬಿಟ್ಟು ರೀಸೆಟ್ ಒತ್ತಿದರೂ ಮೊದಲ ದಿನದ ಫೋಟೊ ಸಿಗುತ್ತದೆ. ಹಾಳಾಗುವುದು ಜೆಪೆಗ್. ಅದನ್ನು ತೆರೆದು, ಬದಲಾಯಿಸಿ, ಮತ್ತೆ ಅದರ ಮೇಲೇ ಸೇವ್ ಮಾಡಿದ ಪ್ರತಿ ಸಲವೂ ಹೊಸದಾಗಿ ಕಂಪ್ರೆಸ್ ಆಗುತ್ತದೆ. ಅಲ್ಲದೆ ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ ಮಾತ್ರ ಇರುತ್ತದೆ, 14 ಬಿಟ್ ರಾ ಫೈಲಿನಲ್ಲಿ 16,384. ಕತ್ತಲಾದ ಮೂಲೆಯನ್ನು ಬೆಳಗಿಸಲು ಹೋದಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಜೆಪೆಗ್‌ನಲ್ಲಿ ಪಟ್ಟೆ ಪಟ್ಟೆ ಏಳುವ ಕಡೆ ರಾದಲ್ಲಿ ನುಣುಪಾಗಿ ಬರುತ್ತದೆ. ಹಾಗಾಗಿ ಗ್ರಾಹಕರಿಗೆ ಕೊಟ್ಟ ಜೆಪೆಗ್‌ನಲ್ಲಿ ಏನಾದರೂ ತಿದ್ದಬೇಕಾದರೆ, ರಾಗೆ ಹೋಗಿ ತಿದ್ದಿ, ಹೊಸದಾಗಿ ಎಕ್ಸ್‌ಪೋರ್ಟ್ ಮಾಡಿ.

ಪ್ರಶ್ನೆ: ಎಡಿಟ್ ಆದ ರಾ ಫೈಲನ್ನೇ ಫ್ರೆಂಡ್‌ಗೆ ಕಳಿಸಿದೆ. ಅವನ ಫೋನಿನಲ್ಲಿ ಎಡಿಟ್ ಕಾಣುತ್ತಿಲ್ಲ.
*— ಓದುಗರು, ಹಾಸನ*

ಉತ್ತರ: ಕಾಣುವುದಿಲ್ಲ. ಕ್ಯಾಮೆರಾ ಪ್ರತಿ ರಾ ಫೈಲಿನೊಳಗೆ ಒಂದು ಜೆಪೆಗ್ ಕೂರಿಸಿರುತ್ತದೆ. ಗ್ಯಾಲರಿಗಳು ಸಾಮಾನ್ಯವಾಗಿ ತೋರಿಸುವುದು ಅದನ್ನೇ. ಎಡಿಟ್ ತೋರಿಸಬೇಕಾದರೆ ಎಕ್ಸ್‌ಪೋರ್ಟ್ ಮಾಡಿದ ಜೆಪೆಗ್ ಕಳಿಸಿ.

ಪ್ರಶ್ನೆ: ತಿಂಗಳ ಬಾಡಿಗೆ ಜಾಸ್ತಿ ಆಯಿತು ಅಂತ ಲೈಟ್‌ರೂಮ್ ಬಿಟ್ಟು ಉಚಿತವಾದ ಡಾರ್ಕ್‌ಟೇಬಲ್‌ಗೆ ಹೋಗಬೇಕು ಅಂತಿದ್ದೇನೆ. ಹಳೇ ಎಡಿಟ್ ಬರುತ್ತದಾ?
*— ಓದುಗರು, ಪುಣೆ*

ಉತ್ತರ: ಸ್ಟಾರ್, ಕೀವರ್ಡ್ ಬರುತ್ತವೆ. ಕ್ರಾಪ್‌ನಂಥ ಕೆಲವು ಅಂದಾಜಿಗೆ ಬರಬಹುದು. ಬಣ್ಣ, ಮಾಸ್ಕ್ ಇತ್ಯಾದಿ ಅದೇ ಥರ ಬರುತ್ತದೆ ಅಂತ ನಂಬಿಕೊಳ್ಳಬೇಡಿ. ಎರಡೂ ಎಕ್ಸ್‌ಎಂಪಿ ಅನ್ನುವ ಒಂದೇ ಹೆಸರಿನ ಫೈಲ್ ಬಳಸಿದರೂ ಒಂದರ ಸ್ಲೈಡರ್ ಲೆಕ್ಕ ಇನ್ನೊಂದಕ್ಕೆ ಗೊತ್ತಿಲ್ಲ. ಡಾರ್ಕ್‌ಟೇಬಲ್ ತನ್ನ ಫೈಲಿಗೆ ಡಿಎಸ್‌ಸಿ_4512.ಎನ್‌ಇಎಫ್.ಎಕ್ಸ್‌ಎಂಪಿ ಅಂತ ಪೂರ್ತಿ ಹೆಸರು ಇಡುತ್ತದೆ, ಹಾಗಾಗಿ ಹಳೆಯದರ ಮೇಲೆ ಬರೆಯುವುದಿಲ್ಲ. ರಾಥೆರಪಿ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರಿನದು ಪಿಪಿ3 ಅನ್ನುವ ಮೂರನೇ ಜಾತಿ. ಬಿಡುವ ಮುಂಚೆ, ನಿಮಗೆ ಮುಖ್ಯ ಅನಿಸಿದ ಫೋಟೊಗಳನ್ನು 16 ಬಿಟ್ ಟಿಫ್ ಆಗಿ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಉಳಿದವನ್ನು ಬೇಕಾದಾಗ ಹೊಸದಾಗಿ ಎಡಿಟ್ ಮಾಡಿದರಾಯಿತು.

ಪ್ರಶ್ನೆ: ಎಲ್ಲ ರಾ ಫೈಲನ್ನೂ ಡಿಎನ್‌ಜಿ ಅನ್ನುವ ಬಗೆಗೆ ಬದಲಾಯಿಸಿದರೆ ಈ ರಗಳೆ ಇರಲ್ಲ ಅಂತಾರೆ, ಹೌದಾ?
*— ಓದುಗರು, ಉಡುಪಿ*

ಉತ್ತರ: ಅರ್ಧ ಹೌದು. ಅಡೋಬಿಯವರು 2004ರಲ್ಲಿ ತಂದ ಡಿಎನ್‌ಜಿಯಲ್ಲಿ ಸೂಚನೆಗಳನ್ನು ಫೈಲಿನ ಒಳಗೇ ಬರೆಯಬಹುದು, ಪಕ್ಕದ ಫೈಲ್ ಬೇಕಿಲ್ಲ. ಆದರೆ ಒಂದು ಸ್ಲೈಡರ್ ಬದಲಾಯಿಸಿ ಸೇವ್ ಕೊಟ್ಟರೂ ಬದಲಾಗುವುದು ಆ ದೊಡ್ಡ ಫೈಲೇ. ಬ್ಯಾಕಪ್ ಸಾಫ್ಟ್‌ವೇರ್ ಸಾಮಾನ್ಯವಾಗಿ ಅಷ್ಟನ್ನೂ ಮತ್ತೆ ಕಾಪಿ ಮಾಡುತ್ತದೆ. ಎಕ್ಸ್‌ಎಂಪಿ ಆದರೆ ಕೆಲವು ಕೆಬಿ ಅಷ್ಟೇ. ಇನ್ನೂ ದೊಡ್ಡ ತೊಂದರೆ ಅಂದರೆ, ಹೀಗೆ ರಾದಿಂದ ಮಾಡಿಕೊಂಡ ಡಿಎನ್‌ಜಿಯನ್ನು ಕ್ಯಾನನ್ ಡಿಪಿಪಿ, ನಿಕಾನ್ ಎನ್ಎಕ್ಸ್ ಸ್ಟುಡಿಯೊ ತೆರೆಯುವುದಿಲ್ಲ. ಮೂಲ ರಾ ಉಳಿಸಿಕೊಂಡು, ಕ್ಯಾಟಲಾಗ್ ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಎಂಪಿ ತಾನಾಗಿ ಬರೆಯುವ ಆಯ್ಕೆಗೆ ಟಿಕ್ ಹಾಕಿಕೊಳ್ಳಿ. ಈ ಆಯ್ಕೆ ಮೊದಲಿಂದ ಆನ್ ಇರುವುದಿಲ್ಲ, ನೀವೇ ಹಾಕಬೇಕು.